ಕರುಣೆಯ ಬಾಗಿಲು: ಸ್ಯಾಮ್ಯುಯೆಲ್ ಎಜಕಿಯೆಲ್ ದಿವೇಕರರ ಜೀವನ

ಮುಂಬಯಿಯ ಮಧ್ಯ ರೈಲುಮಾರ್ಗದಲ್ಲಿ ಕೊನೆಯ ನಿಲ್ದಾಣಕ್ಕೆ ಒಂದು ನಿಲುಗಡೆ ಮೊದಲು ಮಸ್ಜಿದ್ ಎಂಬ ನಿಲ್ದಾಣವಿದೆ. ಕೋಟೆ ಪ್ರದೇಶದ ಕಚೇರಿಗಳಿಗೂ ಅಂಗಡಿಗಳಿಗೂ ದುಡಿಯಲು ಹೋಗುವ ಕನ್ನಡಿಗರು ತಲೆಮಾರುಗಳಿಂದ ಈ ನಿಲ್ದಾಣವನ್ನು ಹಾದುಹೋಗುತ್ತ ಬಂದಿದ್ದಾರೆ. ಹೆಸರನ್ನು ಕೇಳಿದವರು ಅದು ಮುಸಲ್ಮಾನರ ಯಾವುದೋ ಮಸೀದಿಯಿಂದ ಬಂದುದೆಂದು ಭಾವಿಸುವುದು ಸಹಜ. ಆದರೆ ಸಮೀಪದ ಸ್ಯಾಮ್ಯುಯೆಲ್ ಬೀದಿಯಲ್ಲಿರುವ ಯೆಹೂದಿಗಳ ಪ್ರಾರ್ಥನಾ ಮಂದಿರದಿಂದಲೇ ಆ ಹೆಸರು ಬಂದಿತೆಂಬುದು ಪ್ರಚಲಿತವಾದ ಅಭಿಪ್ರಾಯ. ಮರಾಠಿಯನ್ನಾಡುವ ಆ ಯೆಹೂದಿಗಳು ತಮ್ಮ ಸಿನಗಾಗನ್ನು ಮಸೀದಿಯೆಂದೇ ಕರೆಯುತ್ತಿದ್ದರು. ಎಲ್ಲಕ್ಕಿಂತ ಹಳೆಯದಾದುದರಿಂದ ಇದು ಜುನಿ ಮಸ್ಜಿದ್ ಆಯಿತು. ಇದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ಎಜಕಿಯೆಲ್ ದಿವೇಕರರು ಒಂದು ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದವರು. ಕನ್ನಡ ನಾಡಿನ ಇತಿಹಾಸಕ್ಕೂ ಮುಂಬಯಿಯ ಒಂದು ಸಣ್ಣ ಸಮುದಾಯದ ಧಾರ್ಮಿಕ ಜೀವನಕ್ಕೂ ಹೀಗೆ ಏರ್ಪಟ್ಟ ಸಂಬಂಧವು ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಂದಿಲ್ಲ. ಆ ದೃಷ್ಟಿಯಿಂದ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ದಿವೇಕರರು ಬೆನೆ ಇಸ್ರೇಲ್ ಸಮುದಾಯಕ್ಕೆ ಸೇರಿದವರು. ಬೆನೆ ಇಸ್ರೇಲ್ ಎಂದರೆ ಇಸ್ರೇಲನ ಮಕ್ಕಳು ಎಂದರ್ಥ. ಬಹು ಹಿಂದೆ ಕೊಂಕಣದ ಕಡಲತೀರದಲ್ಲಿ, ನವಗಾಂವ್ ಎಂಬ ಹಳ್ಳಿಯ ಬಳಿ, ತಮ್ಮ ಪೂರ್ವಜರ ಹಡಗು ಒಡೆಯಿತೆಂದೂ ಏಳು ಗಂಡಸರು ಮತ್ತು ಏಳು ಹೆಂಗಸರು ಮಾತ್ರ ಬದುಕುಳಿದರೆಂದೂ ಈ ಜನ ಹೇಳಿಕೊಳ್ಳುತ್ತಾರೆ. ಅವರು ಗಾಣದ ಕಸುಬನ್ನು ಹಿಡಿದರು, ಮರಾಠಿಯನ್ನು ತಾಯ್ನುಡಿಯಾಗಿಸಿಕೊಂಡರು, ನೆಲೆಸಿದ ಹಳ್ಳಿಗಳ ಹೆಸರಿಗೆ 'ಕರ್' ಎಂಬ ಪ್ರತ್ಯಯವನ್ನು ಸೇರಿಸಿ ರೋಹೇಕರ್, ಪೆಣಕರ್, ಕೆಹಿಮಕರ್ ಎಂಬಂಥ ಅಡ್ಡಹೆಸರುಗಳನ್ನು ಪಡೆದರು. ದಿವೇಕರ್ ಎಂಬುದೂ ಅಂಥದೇ ಹೆಸರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಇವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಎಂದು ಕರೆದರು.

ಈ ಸಮುದಾಯದ ಧಾರ್ಮಿಕ ಸ್ಥಿತಿ ವಿಶಿಷ್ಟವಾದುದಾಗಿತ್ತು. ಅವರಲ್ಲಿ ಧರ್ಮಗ್ರಂಥವಿರಲಿಲ್ಲ, ಹೀಬ್ರೂ ಭಾಷೆಯ ಅಭ್ಯಾಸವಿರಲಿಲ್ಲ, ಪ್ರಾರ್ಥನಾ ಮಂದಿರವೂ ಇರಲಿಲ್ಲ. ಉಳಿದಿದ್ದುದು ಕೆಲವು ಆಚರಣೆಗಳು ಮಾತ್ರ. ಶನಿವಾರದ ವಿಶ್ರಾಂತಿ, ಗಂಡುಮಗುವಿಗೆ ಎಂಟನೆಯ ದಿನದ ಸುನ್ನತಿ, ಆಹಾರದಲ್ಲಿ ನಿಷೇಧಗಳು, ದೇವರೊಬ್ಬನೇ ಎಂದು ಸಾರುವ ಶೆಮಾ ಎಂಬ ಒಂದು ಪ್ರಾರ್ಥನೆ. ಮದುವೆಯಾಗಲಿ ಮರಣವಾಗಲಿ, ಎಲ್ಲ ಸಂದರ್ಭಗಳಿಗೂ ಆ ಒಂದು ಪ್ರಾರ್ಥನೆಯೇ ಮಂತ್ರವಾಗಿತ್ತು. ಡೇವಿಡ್ ರಹಾಬಿ ಎಂಬ ಗುರುವೊಬ್ಬನು ಬಂದು, ಈ ಜನರ ಹೆಂಗಸರು ರೆಕ್ಕೆ ಮತ್ತು ಹುರುಪೆಗಳಿಲ್ಲದ ಮೀನನ್ನು ಬೇರ್ಪಡಿಸಿದ್ದನ್ನು ಕಂಡು, ಇವರು ಯೆಹೂದಿಗಳೇ ಎಂದು ಗುರುತಿಸಿದನೆಂಬ ಐತಿಹ್ಯವಿದೆ. ಒಂದು ಜನಾಂಗದ ನೆನಪು ಗ್ರಂಥದ ಆಸರೆಯಿಲ್ಲದೆ ಅಡುಗೆಮನೆಯಲ್ಲಿಯೂ ಗಾಣದ ಮನೆಯಲ್ಲಿಯೂ ಉಳಿದುಬಂದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

18ನೆಯ ಶತಮಾನದ ನಡುಭಾಗದಿಂದ ಈ ಗಾಣಿಗರು ಒಬ್ಬೊಬ್ಬರಾಗಿ ಇಂಗ್ಲಿಷರ ಮುಂಬಯಿಗೆ ಬರತೊಡಗಿದರು. ಹಾಗೆ ಮೊದಲು ಬಂದು ನೆಲೆಸಿದವರಲ್ಲಿ ದಿವೇಕರ್ ಮನೆತನದವರೂ ಇದ್ದರು. ಹೊಸ ನಗರದಲ್ಲಿ ಕೆಲವರು ಮರಗೆಲಸವನ್ನು ಕಲಿತರೆ ಹಲವರು ಈಸ್ಟ್ ಇಂಡಿಯಾ ಕಂಪನಿಯ ದೇಶೀ ಪದಾತಿದಳಗಳನ್ನು ಸೇರಿದರು. ಸ್ಯಾಮ್ಯುಯೆಲ್ ಎಜಕಿಯೆಲ್ ದಿವೇಕರರೂ ಸೈನ್ಯವನ್ನು ಸೇರಿ ದೇಶೀ ಅಧಿಕಾರಿಯ ಸ್ಥಾನಕ್ಕೆ ಏರಿದರು. ಬೈಬಲಿನ ಹೆಸರುಗಳು ಕೊಂಕಣದ ಬಾಯಲ್ಲಿ ಮರಾಠಿಯ ರೂಪವನ್ನು ತಳೆದಿದ್ದವು. ಅಬ್ರಹಾಮನು ಅಬಾಜಿಯಾದಂತೆ ಸ್ಯಾಮ್ಯುಯೆಲ್ ಎಜಕಿಯೆಲ್ ಎಂಬವರು ತಮ್ಮವರ ನಡುವೆ ಸಾಮಾಜಿ ಹಸಾಜಿ ಆಗಿದ್ದರು.

ಅವರ ಬದುಕಿಗೆ ತಿರುವನ್ನಿತ್ತುದು 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧ. ಇದರಲ್ಲಿ ಮುಂಬಯಿಯ ಸೈನ್ಯದ ಪಾತ್ರ ಮುಖ್ಯವಾಗಿ ನಮ್ಮ ಪಶ್ಚಿಮ ಕರಾವಳಿಗೂ ಮಲೆನಾಡಿಗೂ ಸಂಬಂಧಿಸಿದುದು. 1782ರ ಡಿಸೆಂಬರಿನಲ್ಲಿ ಹೈದರ್ ಅಲಿ ಮರಣ ಹೊಂದಿದ ಮೇಲೆ ಜನರಲ್ ಮ್ಯಾಥ್ಯೂಸನ ನೇತೃತ್ವದ ಮುಂಬಯಿ ಸೈನ್ಯವು ಕರಾವಳಿಯಿಂದ ಘಟ್ಟವನ್ನೇರಿ 1783ರ ಆರಂಭದಲ್ಲಿ ಬಿದನೂರನ್ನು ವಶಪಡಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದು ಸೈನ್ಯವನ್ನು ಸೆರೆಹಿಡಿದನು. ಶ್ರೀರಂಗಪಟ್ಟಣವನ್ನು ಸಂದರ್ಶಿಸುವವರು ಇಂದಿಗೂ ಬೇಲಿಯ ಬಂದೀಖಾನೆಯನ್ನು ನೋಡುತ್ತಾರೆ. ಅಲ್ಲಿ ಇಂಗ್ಲಿಷ್ ಅಧಿಕಾರಿಗಳ ನೆನಪು ಉಳಿದಿದೆ. ಅವರೊಡನೆ ಸೆರೆಸಿಕ್ಕ ದೇಶೀ ಸಿಪಾಯಿಗಳ ನೆನಪಿಗೆ ಅಂಥ ಕಟ್ಟಡವೊಂದೂ ಇಲ್ಲ. ಆ ಯುದ್ಧದ ಸೆರೆಯಾಳುಗಳಲ್ಲಿ ದಿವೇಕರರೂ ಅವರ ಸಮುದಾಯದ ಕೆಲವರೂ ಇದ್ದರೆಂಬುದು ಬೆನೆ ಇಸ್ರೇಲರ ಪರಂಪರೆ ಕಾಪಾಡಿಕೊಂಡು ಬಂದ ಸಂಗತಿ.

ಆ ಪರಂಪರೆಯ ಪ್ರಕಾರ ಸೆರೆಯಾಳುಗಳ ಪ್ರಾಣಕ್ಕೆ ಅಪಾಯವೊದಗಿದ ಸಮಯದಲ್ಲಿ ಅವರ ಜಾತಿಯನ್ನು ಕೇಳಲಾಯಿತು. ತಾವು ಬೆನೆ ಇಸ್ರೇಲರೆಂದು ಅವರು ಹೇಳಿದರು. ಈ ಮಾತು ಟಿಪ್ಪುವಿನ ತಾಯಿ ಫಾತಿಮಾ ಫಕ್ರುನ್ನೀಸಾಳ ಕಿವಿಗೆ ಬಿದ್ದಿತು. ಪವಿತ್ರ ಕುರಾನಿನಲ್ಲಿ ಪದೇ ಪದೇ ಹೆಸರಿಸಲ್ಪಟ್ಟ ಈ ಜನರನ್ನು ತಾನು ಕಣ್ಣಾರೆ ಕಂಡುದು ಅದೇ ಮೊದಲೆಂದು ಅಚ್ಚರಿಗೊಂಡ ಆಕೆ ಅವರನ್ನು ಕೊಲ್ಲದಿರುವಂತೆ ಮಗನಲ್ಲಿ ಕೇಳಿಕೊಂಡಳು. ಬದುಕಿ ಹಿಂದಿರುಗಿದರೆ ದೇವರಿಗೆ ಒಂದು ಮಂದಿರವನ್ನು ಕಟ್ಟಿಸುವುದಾಗಿ ದಿವೇಕರರು ಹರಕೆ ಹೊತ್ತರು.

ಈ ಕಥೆಗೆ ಪಾಠಾಂತರಗಳುಂಟು. ಬಿಡುಗಡೆಯ ಬಗೆಯನ್ನು ಒಬ್ಬೊಬ್ಬರು ಒಂದೊಂದು ತೆರನಾಗಿ ಹೇಳುತ್ತಾರೆ. ಐತಿಹ್ಯವನ್ನು ಐತಿಹ್ಯವೆಂದೇ ಸ್ವೀಕರಿಸಬೇಕಾದುದು ಸಂಶೋಧಕನ ಕರ್ತವ್ಯ. ಆದರೂ ಕೆಲವು ಅಂಶಗಳು ಗಮನಾರ್ಹವಾಗಿವೆ. ಕುರಾನಿನ 17ನೆಯ ಅಧ್ಯಾಯಕ್ಕೆ ಬನೀ ಇಸ್ರಾಯೀಲ್ ಎಂಬ ಹೆಸರೂ ಇದೆ. ಆದುದರಿಂದ ಆ ಹೆಸರನ್ನು ಕೇಳಿದೊಡನೆ ಧರ್ಮನಿಷ್ಠಳಾದ ಮುಸ್ಲಿಂ ಮಹಿಳೆಯೊಬ್ಬಳು ಗುರುತು ಹಿಡಿಯುವುದು ಅಸಂಭಾವ್ಯವಲ್ಲ. 1784ರ ಮಾರ್ಚ್ 11ರಂದು ಆದ ಮಂಗಳೂರಿನ ಒಪ್ಪಂದದಲ್ಲಿ ಸೆರೆಯಾಳುಗಳ ಬಿಡುಗಡೆಯ ಷರತ್ತು ಇದ್ದಿತು. ಪ್ರಾಣವುಳಿದುದು ಒಂದು ತಾಯಿಯ ಮಾತಿನಿಂದ, ಬಿಡುಗಡೆಯಾದುದು ರಾಜಕೀಯ ಒಪ್ಪಂದದಿಂದ ಎಂದು ಎರಡನ್ನೂ ಹೊಂದಿಸಿ ನೋಡುವುದಕ್ಕೆ ಅಡ್ಡಿಯಿಲ್ಲ. ಟಿಪ್ಪುವಿನ ಕಾಲವನ್ನು ಕುರಿತು ನಮ್ಮಲ್ಲಿ ಪರಸ್ಪರ ವಿರುದ್ಧವಾದ ಎರಡು ಚಿತ್ರಗಳಿವೆ. ಸೆರೆಯ ಕಷ್ಟವನ್ನು ಮರೆಮಾಡದೆ ಅದೇ ಅರಮನೆಯಿಂದ ಬಂದ ಕರುಣೆಯನ್ನೂ ನೆನೆಯುವ ಈ ಸಣ್ಣ ಸಮುದಾಯದ ನೆನಪು ಆ ಎರಡೂ ಚಿತ್ರಗಳಿಗೆ ಹೊರತಾದುದು.

ಹರಕೆ ತೀರುವುದಕ್ಕೆ ಯುದ್ಧ ಮುಗಿದ ಮೇಲೆ ಹನ್ನೆರಡು ವರ್ಷಗಳು ಬೇಕಾದುವು. 1796ರಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ದಿವೇಕರರು ಕಟ್ಟಿಸಿದ ಸಿನಗಾಗ್ ಆರಂಭವಾಯಿತು. ಇದು ಈ ನಗರದ ಮೊದಲನೆಯ ಸಿನಗಾಗ್. ಅದಕ್ಕೆ ಶಾರ್ ಹರಹಮೀಮ್, ಅಂದರೆ ಕರುಣೆಯ ಬಾಗಿಲು ಎಂಬ ಹೆಸರನ್ನಿಡಲಾಯಿತು. ರಹಮೀಮ್ ಎಂಬ ಹೀಬ್ರೂ ಪದವು ತಾಯಿಯ ಗರ್ಭವನ್ನು ಸೂಚಿಸುವ ಪದಕ್ಕೆ ಸಂಬಂಧಿಸಿದುದು. ಮುಸಲ್ಮಾನರು ದೇವರನ್ನು ಸ್ತುತಿಸುವ ರಹೀಮ್ ಎಂಬ ಅರಬ್ಬೀ ಪದಕ್ಕೂ ಅದಕ್ಕೂ ಮೂಲವೊಂದೇ. ಸೆರೆಯ ಕಥೆಯನ್ನು ಬಲ್ಲವರಿಗೆ ಈ ಹೆಸರು ಎಷ್ಟು ಉಚಿತವಾದುದೆಂದು ಬೇರೆ ಹೇಳಬೇಕಾಗಿಲ್ಲ.

ಮಂದಿರದಿಂದ ಸಮುದಾಯಕ್ಕೆ ದೊರೆತುದೇನು ಎಂಬುದನ್ನು ಇಲ್ಲಿ ವಿಚಾರಿಸಬೇಕು. ಯೆಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ವಯಸ್ಕ ಗಂಡಸರು ಕೂಡಬೇಕೆಂಬ ವಿಧಿಯಿದೆ. ಪ್ರಾರ್ಥಿಸುವವರು ಜೆರುಸಲೇಮಿಗೆ ಅಭಿಮುಖರಾಗಿ ನಿಲ್ಲಬೇಕು. ಆದುದರಿಂದ ಭಾರತದಲ್ಲಿ ಅವರ ಮುಖ ಪಶ್ಚಿಮಕ್ಕೆ. ಆ ದಿಕ್ಕಿನ ಗೋಡೆಯಲ್ಲಿ, ತೆರೆಯ ಹಿಂದೆ, ತೋರಾ ಗ್ರಂಥದ ಸುರುಳಿಗಳನ್ನಿಡುವ ಪೆಟ್ಟಿಗೆಯಿರುತ್ತದೆ. ಅದರ ಮುಂದೆ ನಂದಾದೀಪ ಉರಿಯುತ್ತದೆ. ಸುರುಳಿಯನ್ನು ಚರ್ಮದ ಹಾಳೆಗಳ ಮೇಲೆ ಕೈಯಿಂದಲೇ ಬರೆಯಬೇಕು. ವಾರಕ್ಕೊಂದು ಭಾಗದಂತೆ ಓದಿ ವರ್ಷಕ್ಕೊಮ್ಮೆ ಮುಗಿಸುವುದು ಪದ್ಧತಿ. ಹೀಗೆ ಈ ಆರಾಧನೆಯ ಕೇಂದ್ರವು ಓದಲ್ಪಡುವ ಗ್ರಂಥ. ಗೋಡೆಗಳು ಎದ್ದುನಿಂತ ಮಾತ್ರಕ್ಕೆ ದಿವೇಕರರ ಹರಕೆ ಪೂರ್ಣವಾಗಲಿಲ್ಲ, ಸುರುಳಿಗಳು ಬೇಕಾಗಿದ್ದವು.

ಯೆಹೂದಿ ವಿದ್ಯೆಗೆ ಆ ಕಾಲದ ನೆಲೆ ಕೊಚ್ಚಿ. ಅಲ್ಲಿಯ ಪರದೇಶಿ ಸಿನಗಾಗ್ 1568ರಲ್ಲಿಯೇ ಸ್ಥಾಪಿತವಾದುದು. ಸುರುಳಿಗಳನ್ನು ತರುವುದಕ್ಕಾಗಿ ದಿವೇಕರರು ಕೊಚ್ಚಿಗೆ ಪ್ರಯಾಣ ಮಾಡಿದರು. ಅಲ್ಲಿಯೇ 1797ರಲ್ಲಿ ಅವರು ನಿಧನ ಹೊಂದಿದರು. ತಾವು ಕಟ್ಟಿಸಿದ ಮಂದಿರದಲ್ಲಿ, ತಾವು ತಂದ ಗ್ರಂಥದ ಪಾರಾಯಣವನ್ನು ಕೇಳುವ ಭಾಗ್ಯ ಅವರಿಗೆ ದೊರೆಯಲಿಲ್ಲ.

ಆದರೆ ಅವರು ತೆರೆದ ದಾರಿ ಮುಚ್ಚಲಿಲ್ಲ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಕೊಚ್ಚಿಯಿಂದ ಗುರುಗಳು ಮುಂಬಯಿಗೂ ಕೊಂಕಣಕ್ಕೂ ಬಂದು ಹೀಬ್ರೂ ಪ್ರಾರ್ಥನೆಯನ್ನು ಕಲಿಸಿದರು. 1860ರಲ್ಲಿ ಮಂದಿರವು ಈಗಿರುವ ಸ್ಥಳಕ್ಕೆ ಬಂದಿತು. ಅದರ ಸುತ್ತ ಒಂದು ಸಾಮಾಜಿಕ ವ್ಯವಸ್ಥೆಯೇ ಬೆಳೆಯಿತು. ಪ್ರಾರ್ಥನೆ ನಡೆಸುವ ಹಜ್ಜಾನ್, ಹಣಕಾಸು ನೋಡಿಕೊಳ್ಳುವ ಗಬಾಯಿ, ಪರಿಚಾರಕನಾದ ಸಮಾಶ್ ಎಂಬ ಹೀಬ್ರೂ ಮೂಲದ ಹುದ್ದೆಗಳೊಂದಿಗೆ ಮುಕಾದಮ್, ಚೌಗುಲೆ ಎಂಬ ನಾಡ ಹೆಸರುಗಳೂ ಸೇರಿಕೊಂಡುವು. ಮದುವೆ, ವ್ಯಾಜ್ಯ, ಬಡವರ ನೆರವು ಎಲ್ಲವೂ ಇವರ ಹೊಣೆಯಾದುವು.

ಮಂದಿರ ಬಂದ ಮೇಲೆಯೂ ಹಳೆಯ ಆಚರಣೆಗಳು ಅಳಿಯಲಿಲ್ಲವೆಂಬುದು ಮುಖ್ಯವಾದ ಸಂಗತಿ. ಹೊಸ ವರ್ಷದ ಹಬ್ಬಕ್ಕೆ ನವ್ಯಾಚಾ ಸಣ ಎಂದೂ ಉಪವಾಸದ ಮಹಾದಿನಕ್ಕೆ ಬಾಗಿಲು ಮುಚ್ಚುವ ಹಬ್ಬ ಎಂಬರ್ಥದ ಮರಾಠಿ ಹೆಸರೂ ಇದ್ದುವು. ಹರಕೆ ತೀರಿದಾಗ, ಶುಭಕಾರ್ಯ ನಡೆದಾಗ, ಪ್ರವಾದಿ ಎಲೀಯನನ್ನು ನೆನೆದು ಅವಲಕ್ಕಿ, ಸಿಹಿ, ತೆಂಗಿನ ತುರಿ ಬೆರೆಸಿದ ಮಲೀದಾವನ್ನು ಹಣ್ಣುಗಳೊಡನೆ ಹಂಚುವ ಪದ್ಧತಿ ಈಗಲೂ ಇದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬೈಬಲಿನ ಕಥೆಗಳನ್ನು ಮರಾಠಿ ಕೀರ್ತನೆಯ ರೂಪದಲ್ಲಿ ಹಾಡಿ ಹೇಳುವ ಕಾರ್ಯಕ್ರಮಗಳು ನಡೆದುವು. ನಮ್ಮ ಹರಿಕಥೆಯನ್ನು ಬಲ್ಲವರಿಗೆ ಇದರ ಸ್ವರೂಪವನ್ನು ಊಹಿಸುವುದು ಕಷ್ಟವಲ್ಲ. ಹೀಬ್ರೂ ಬಂದು ಮರಾಠಿಯನ್ನು ಹೊರದೂಡಲಿಲ್ಲ. ಎರಡೂ ಒಂದೇ ಸೂರಿನಡಿಯಲ್ಲಿ ಬಾಳಿದುವು.

1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪಿತವಾದ ಬಳಿಕ ಭಾರತದಲ್ಲಿ ಸುಮಾರು 20 ಸಾವಿರದಷ್ಟಿದ್ದ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ಅಲ್ಲಿಗೆ ತೆರಳಿದರು. ಉಳಿದವರು ಕೆಲವೇ ಸಾವಿರ. ಹತ್ತು ಮಂದಿ ಕೂಡುವುದೇ ಕಷ್ಟವಾಗಿರುವ ಸಿನಗಾಗುಗಳು ಕೊಂಕಣದಲ್ಲಿವೆ. ಸ್ಯಾಮ್ಯುಯೆಲ್ ಬೀದಿಯ ಸುತ್ತಮುತ್ತ ಇಂದು ಸಗಟು ವ್ಯಾಪಾರದ ಗದ್ದಲವಿದೆ. ಅದರ ನಡುವೆ ಎರಡು ಶತಮಾನಗಳನ್ನು ಮೀರಿದ ಆ ಸಂಸ್ಥೆ ನಿಂತಿದೆ.

ದಿವೇಕರರು ಗ್ರಂಥ ರಚಿಸಿದವರಲ್ಲ, ರಾಜ್ಯವಾಳಿದವರಲ್ಲ. ನೀನು ಯಾರೆಂದು ಕೇಳಿದಾಗ ಅವರು ಕೊಟ್ಟ ಉತ್ತರ ಅವರ ಪ್ರಾಣವನ್ನುಳಿಸಿತೆಂದು ಪರಂಪರೆ ಹೇಳುತ್ತದೆ. ಆ ಉತ್ತರವು ಒಬ್ಬನ ಬಾಯಿಯ ಮಾತಾಗಿ ಮುಗಿಯಬಾರದು, ಮುಂದಿನವರು ಕೂಡಿ ಕಲಿಯುವುದಕ್ಕೆ ಒಂದು ಸ್ಥಳ ಬೇಕು ಎಂಬುದನ್ನು ಅವರು ಕಂಡುಕೊಂಡರು. ಗಾಣದ ಮನೆಯಲ್ಲಿ ಶತಮಾನಗಳ ಕಾಲ ಉಳಿದ ನೆನಪು ನಗರಕ್ಕೆ ಬಂದಾಗ ಅಷ್ಟರಿಂದಲೇ ಉಳಿಯುವಂತಿರಲಿಲ್ಲ. ಹೊರನಾಡಿನಲ್ಲಿದ್ದು ಮನೆಮಾತನ್ನು ಮಕ್ಕಳಿಗೆ ಉಳಿಸಲು ಹೆಣಗುವ ನಮಗೆ ಈ ಮಾತು ಅಪರಿಚಿತವಲ್ಲ. ಕಾವೇರಿಯ ದ್ವೀಪದಲ್ಲಿ ಹೊತ್ತ ಹರಕೆಯೊಂದು ಅರಬ್ಬೀ ಸಮುದ್ರದ ದಂಡೆಯಲ್ಲಿ ಬಾಗಿಲಾಗಿ ತೆರೆದುದನ್ನು ಮುಂಬಯಿಯ ಕನ್ನಡಿಗರು ತಮ್ಮ ಇತಿಹಾಸದ ಭಾಗವೆಂದೇ ನೆನೆಯಬಹುದು.