ಎಡಗೈ ಚೆಂಡುಗಾರ ಪಳವಣಕರ ಬಾಳೂ

ಧಾರವಾಡವೆಂದೊಡನೆ ನಮಗೆ ಬೇಂದ್ರೆಯವರ ಸಾಧನಕೇರಿ ನೆನಪಾಗುತ್ತದೆ. ಹಿಂದೂಸ್ತಾನಿ ಸಂಗೀತದ ದೊಡ್ಡ ಗಾಯಕರು ನೆನಪಾಗುತ್ತಾರೆ. ಬೇಂದ್ರೆಯವರಿಗಿಂತ ಇಪ್ಪತ್ತು ವರ್ಷ ಮೊದಲು, ೧೮೭೬ರಲ್ಲಿ, ಅದೇ ಊರಿನಲ್ಲಿ ಕಣ್ಣು ತೆರೆದ ಇನ್ನೊಬ್ಬ ಹಿರಿಯರನ್ನು ನಾವು ನೆನೆಯುವುದು ಅಪರೂಪ. ಅವರು ಕವಿಯಲ್ಲ, ಗಾಯಕರಲ್ಲ. ಚೆಂಡೆಸೆದು ಬಾಳು ಕಟ್ಟಿಕೊಂಡವರು. ಭಾರತದ ಮೊದಲ ದೊಡ್ಡ ಬೌಲರ್ ಎಂದು ಕ್ರಿಕೆಟ್ಟಿನ ಚರಿತ್ರೆ ಗುರುತಿಸುವ ಪಳವಣಕರ ಬಾಳೂ ಅವರು.

ಗೆಜ್ಜಲಗೆರೆಯ ಬಯಲಿನಲ್ಲಿ ಇಂದು ಹುಡುಗರು ತಂಡ ಕಟ್ಟಿಕೊಂಡು ಆಡುವುದನ್ನು ನೋಡುತ್ತೇನೆ. ಎಸೆಯುವವನು ಯಾವ ಕೇರಿಯವನೆಂದು ಚೆಂಡು ಕೇಳುವುದಿಲ್ಲ. ಚೆಂಡು ಕೇಳದಿದ್ದರೂ ಜನರು ಕೇಳುತ್ತಿದ್ದ ಕಾಲವೊಂದಿತ್ತು. ಬಾಳೂ ಅವರ ಬದುಕು ಆ ಪ್ರಶ್ನೆಯೊಡನೆ ನಡೆದ ದೀರ್ಘವಾದ ಪಂದ್ಯ.

ಅವರ ಮನೆತನದ ಮೂಲ ಕೊಂಕಣದ ಪಳವಣ ಎಂಬ ಹಳ್ಳಿ. ತೊಗಲಿನ ಕಸುಬಿನ ಚಮ್ಮಾರ ಕುಲ. ಅಂದಿನ ಸಮಾಜ ಅಸ್ಪೃಶ್ಯವೆಂದು ಊರ ಹೊರಗಿಟ್ಟಿದ್ದ ಕುಲ. ತಂದೆಗೆ ಸೈನ್ಯದ ಆಶ್ರಯದಲ್ಲಿ ಕೆಲಸ ದೊರೆತದ್ದರಿಂದ ಸಂಸಾರ ಪುಣೆಯನ್ನು ಸೇರಿತು. ದಂಡಿನ ಪ್ರದೇಶದಲ್ಲಿ ಬೆಳೆದ ಬಾಳೂ ಮತ್ತು ಅವರ ತಮ್ಮಂದಿರಾದ ಶಿವರಾಮ, ವಿಠ್ಠಲ, ಗಣಪತರು ಗೋರಾ ಅಧಿಕಾರಿಗಳ ಆಟವನ್ನು ಕಂಡು ತಾವೂ ಆಡಲು ಕಲಿತರು.

ಬಾಳೂ ಅವರಿಗೆ ದೊರೆತ ಮೊದಲ ಕೆಲಸ ಪಾರ್ಸಿಗಳ ಕ್ಲಬ್ಬಿನಲ್ಲಿ ಮೈದಾನ ಗುಡಿಸುವುದು, ಪಿಚ್ಚಿನ ಮೇಲೆ ಉರುಳೆ ಎಳೆಯುವುದು. ತಿಂಗಳಿಗೆ ೩ ರೂಪಾಯಿ ಸಂಬಳ. ಅಲ್ಲಿಂದ ಅವರು ಐರೋಪ್ಯರ ಪೂನಾ ಕ್ಲಬ್ಬಿಗೆ ಹೋದರು. ಸಂಬಳ ೪ ರೂಪಾಯಿಯಾಯಿತು. ಬಲೆ ಕಟ್ಟುವ ಆಳಿನ ಎಡಗೈಯಲ್ಲಿ ಒಂದು ಮಾಯೆಯಿದೆಯೆಂದು ದೊರೆಗಳಿಗೆ ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಹೆಸರಾಂತ ಬ್ಯಾಟುಗಾರ ಗ್ರೇಗ್ ತನ್ನನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಕಥೆಯಿದೆ. ಕಥೆ ಹೇಗೇ ಇರಲಿ, ಗಂಟೆಗಟ್ಟಲೆ ಚೆಂಡೆಸೆದು ಆ ಕೈ ಪಳಗಿತು. ಆದರೆ ಆ ದೊರೆಗಳು ಬ್ಯಾಟು ಹಿಡಿಯುವ ಅವಕಾಶವನ್ನು ಮಾತ್ರ ಅವರಿಗೆ ಕೊಡಲಿಲ್ಲ. ಎಸೆಯುವುದು ದುಡಿಮೆ, ಹೊಡೆಯುವುದು ದೊರೆತನ ಎಂಬ ಎಣಿಕೆ ಅದರ ಹಿಂದೆ ಇದ್ದಿರಬೇಕು.

ಐರೋಪ್ಯರನ್ನು ಸೋಲಿಸಬೇಕೆಂಬ ಹಂಬಲ ಪುಣೆಯ ಹಿಂದೂ ತಂಡಕ್ಕಿತ್ತು. ಗೆಲ್ಲಲು ಬಾಳೂ ಬೇಕು. ಆದರೆ ಬಾಳೂ ಅಸ್ಪೃಶ್ಯರು. ಬಹಳ ಜಿಜ್ಞಾಸೆಯ ಮೇಲೆ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ವಿರಾಮ ಬಂದೊಡನೆ ಅವರು ಹೊರಗೆ ನಿಲ್ಲಬೇಕಾಗಿತ್ತು. ಚಹ ಮಣ್ಣಿನ ಕುಡಿಕೆಯಲ್ಲಿ ಬರುತ್ತಿತ್ತು. ಊಟದ ತಟ್ಟೆ ಬೇರೆಯಾಗಿತ್ತು. ಆ ಚೆಂಡಿನ ಹೊದಿಕೆಯೂ ತೊಗಲೇ ಎಂಬುದು ಯಾರ ಮಡಿಗೂ ಅಡ್ಡ ಬರಲಿಲ್ಲ. ಹರಳಯ್ಯ ಮಾಡಿ ತಂದ ಪಾದರಕ್ಷೆಗಳನ್ನು ಬಸವಣ್ಣನವರು ತಲೆಯ ಮೇಲಿಟ್ಟುಕೊಂಡ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಈ ಕುಡಿಕೆಯ ನೆನಪಾಗುತ್ತದೆ. ಕಲ್ಯಾಣದಿಂದ ಪುಣೆಗೆ ಏಳು ಶತಮಾನಗಳ ದಾರಿ. ನಾವು ನಡೆದ ದೂರವೆಷ್ಟು?

೧೮೯೬ರಲ್ಲಿ ಪ್ಲೇಗು ಹಬ್ಬಿದ ಬಳಿಕ ಬಾಳೂ ಮುಂಬಯಿಗೆ ಬಂದರು. ಹಿಂದೂ ಜಿಮಖಾನಾ ತಂಡದಲ್ಲಿ ಆಡತೊಡಗಿದರು. ರೈಲ್ವೆಯಲ್ಲಿ ನೌಕರಿಯೂ ದೊರೆಯಿತು. ೧೯೦೬ರಲ್ಲಿ ಹಿಂದೂ ತಂಡ ಐರೋಪ್ಯರನ್ನು ೧೦೯ ಓಟಗಳಿಂದ ಸೋಲಿಸಿತು. ಬಂಗಾಳದ ವಿಭಜನೆಯಾಗಿ, ಸ್ವದೇಶಿಯ ಕಿಚ್ಚು ಹೊತ್ತಿದ್ದ ಕಾಲವದು. ಆಳುವವರನ್ನು ಅವರ ಆಟದಲ್ಲಿಯೇ ಮಣಿಸಿದ ಆ ಗೆಲುವಿನಲ್ಲಿ ಬಾಳೂ ಅವರ ಪಾಲು ದೊಡ್ಡದು. ತಮ್ಮ ಶಿವರಾಮರೂ ಜೊತೆಗಿದ್ದರು.

೧೯೧೧ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತದ್ದೇ ಹೆಚ್ಚು. ಮೂವತ್ತೈದು ದಾಟಿದ್ದ ಬಾಳೂ ಮಾತ್ರ, ನೋಯುತ್ತಿದ್ದ ಭುಜದಿಂದಲೇ ಚೆಂಡೆಸೆದು, ಆ ಪ್ರವಾಸದಲ್ಲಿ ೧೧೪ ವಿಕೆಟ್ಟುಗಳನ್ನು ಪಡೆದರು. ಒಂದೊಂದಕ್ಕೆ ಕೊಟ್ಟದ್ದು ಸರಾಸರಿ ೧೯ಕ್ಕೂ ಕಡಮೆ ಓಟ. ಅಂದು ತರುಣರಾಗಿದ್ದ ಅಂಬೇಡ್ಕರರು ಅವರನ್ನು ತಮ್ಮ ಜನರ ಹೆಮ್ಮೆಯೆಂದು ಕಂಡರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ವರುಷ ವರುಷವೂ ಬೇಡಿಕೆ ಏಳುತ್ತಿತ್ತು. ವರುಷ ವರುಷವೂ ಮೇಲ್ಜಾತಿಯ ಒಬ್ಬರು ನಾಯಕರಾಗುತ್ತಿದ್ದರು. ನಾಯಕರಾಗಿದ್ದ ಪೈ ಅವರೇ, ಆ ಗೌರವ ತಮ್ಮ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. ೧೯೨೦ರಲ್ಲಿ ಕಟ್ಟೆಯೊಡೆಯಿತು. ತಮ್ಮವರನ್ನು ಜಾತಿಯ ಕಾರಣದಿಂದ ಕಡೆಗಣಿಸಿದ್ದಾರೆಂದು ವಿಠ್ಠಲ ಮತ್ತು ಶಿವರಾಮರು ತಂಡದಿಂದ ಹೊರಗೆ ಬಂದರು. ಕೊನೆಗೆ ಬಾಳೂ ಉಪನಾಯಕರಾದರು. ಅಷ್ಟು ಹೊತ್ತಿಗೆ ಅವರ ಆಟದ ಸಂಜೆಯಾಗಿತ್ತು. ೩೩ ಪ್ರಥಮ ದರ್ಜೆಯ ಪಂದ್ಯಗಳು, ೧೭೯ ವಿಕೆಟ್ಟುಗಳು: ಇದು ಉಳಿದ ಲೆಕ್ಕ. ಭಾರತ ಮೊದಲ ಟೆಸ್ಟ್ ಆಡಿದ್ದು ೧೯೩೨ರಲ್ಲಿ. ಅದು ಅವರ ಪಾಲಿಗೆ ಬಹಳ ತಡವಾಗಿ ಬಂದ ಸುದಿನ.

ಅಣ್ಣನಿಗೆ ತಪ್ಪಿದ್ದು ತಮ್ಮನಿಗೆ ದಕ್ಕಿತು. ೧೯೨೩ರಲ್ಲಿ ವಿಠ್ಠಲರು ಹಿಂದೂ ತಂಡದ ನಾಯಕರಾದರು, ತಂಡ ಗೆದ್ದಿತು, ಜನರು ಅವರನ್ನು ಹೆಗಲ ಮೇಲೆ ಹೊತ್ತು ಮೆರೆದರು.

ಮುಂದಿನ ಅಧ್ಯಾಯ ಅಷ್ಟು ಸರಳವಲ್ಲ. ಬಾಳೂ ಅವರ ಒಲವು ಗಾಂಧೀಜಿಯವರ ಕಡೆಗೆ ತಿರುಗಿತು. ೧೯೩೨ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಮತಾಂತರದ ಮಾತನ್ನು ಅಂಬೇಡ್ಕರರು ಎತ್ತಿದಾಗ ಅದನ್ನು ವಿರೋಧಿಸಿದರು. ೧೯೩೭ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ ೧೩,೨೪೫ ಮತಗಳು, ಬಾಳೂ ಅವರಿಗೆ ೧೧,೨೨೫. ಒಂದು ಕಾಲಕ್ಕೆ ತಮ್ಮನ್ನು ಮೆಚ್ಚಿದ ತರುಣನಿಗೆ ಎದುರಾಗಿ ಅವರು ಸೋತರು. ಇದನ್ನು ದ್ರೋಹವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕುಡಿಕೆಯಿಂದ ಬಟ್ಟಲಿಗೆ, ಹೊರಗಿನಿಂದ ಪಂಕ್ತಿಗೆ, ಒಂದೊಂದೇ ಮೆಟ್ಟಿಲನ್ನು ಕೈಯ ಬಲದಿಂದ ಏರಿದವರಿಗೆ ಮನೆಯೊಳಗಿದ್ದೇ ಮನೆಯನ್ನು ತಿದ್ದಬಹುದೆಂಬ ನಂಬಿಕೆ ಸಹಜ. ಯಾರ ಕೈಯೂ ಒಬ್ಬೊಬ್ಬರಾಗಿ ಎಲ್ಲರಿಗೂ ಬಾಗಿಲು ತೆರೆಯಲಾರದು, ಹಕ್ಕೇ ಬೇಕು ಎಂಬುದು ಅಂಬೇಡ್ಕರರು ಕಂಡ ಸತ್ಯ. ಬಾಳೂ ಅವರ ಬದುಕೇ ಈ ಎರಡನೆಯ ಮಾತಿಗೆ ಒಳ್ಳೆಯ ಸಾಕ್ಷಿಯೆಂದು ನನಗೆ ತೋರುತ್ತದೆ. ಅಷ್ಟು ಗೆದ್ದವರಿಗೂ ನಾಯಕತ್ವ ತಪ್ಪಿತಲ್ಲ!

೧೯೫೫ರ ಜುಲೈ ೪ರಂದು ಬಾಳೂ ಮುಂಬಯಿಯಲ್ಲಿ ತೀರಿಕೊಂಡರು. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದ ಕಾನೂನು ಜಾರಿಗೆ ಬಂದದ್ದು ಅದೇ ವರ್ಷದ ಜೂನ್ ೧ರಂದು. ಬಾಳೂ ಆ ಕಾನೂನಿನ ನೆರಳಿನಲ್ಲಿ ಬಾಳಿದ್ದು ಮೂವತ್ಮೂರು ದಿನ.