ಕೊಳೆರೋಗದ ಕೋಲ್ಮನ್ ಮಿಡತೆಯಲ್ಲಿ ಏನು ನೋಡಿದರು? ಹೆಣ್ಣು ಹುಟ್ಟಿದರೆ ತಾಯಿಯನ್ನು ದೂರುವವರು ಓದಬೇಕಾದ ಕಥೆ

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಹೊಡೆಸುವುದು ಎಲ್ಲರಿಗೂ ಗೊತ್ತು. ಅದರ ಹಿಂದಿರುವ ಹೆಸರು ಲೆಸ್ಲಿ ಕೋಲ್ಮನ್. ಆದರೆ ಇವರು ನಿವೃತ್ತಿಯ ನಂತರ ವರ್ಣತಂತುಗಳ ಬೆನ್ನು ಹತ್ತಿದ್ದು ಹೆಚ್ಚಿನವರಿಗೆ ತಿಳಿದಿಲ್ಲ.

1878ರಲ್ಲಿ ಕೆನಡಾದಲ್ಲಿ ಹುಟ್ಟಿದ ಕೋಲ್ಮನ್, ಜರ್ಮನಿಯಲ್ಲಿ ಡಾಕ್ಟರೇಟ್ ಮುಗಿಸಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಅಡಿಕೆ ಕೊಳೆಯುವುದು ಬರೀ ಮಳೆನೀರಿನಿಂದಲ್ಲ, ಒಂದು ಸೂಕ್ಷ್ಮಜೀವಿಯಿಂದ ಎಂದು ತೋರಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದು ಇವರ ಕಾಲದಲ್ಲೇ. ಜೋಳ ತಿನ್ನುವ ಮಿಡತೆಯನ್ನೂ ಇಲ್ಲಿ ಅಧ್ಯಯನ ಮಾಡಿದ್ದರು. ಆ ಮಿಡತೆಯ ವೈಜ್ಞಾನಿಕ ಹೆಸರೇ ಕೋಲ್ಮೇನಿಯಾ.

1934ರಲ್ಲಿ ಮೈಸೂರು ಬಿಟ್ಟ ಮೇಲೆ ಟೊರೊಂಟೊದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಮಿಡತೆಗಳ ವರ್ಣತಂತು, ಅದರಲ್ಲೂ ಎಕ್ಸ್ ವರ್ಣತಂತುವಿನ ರಚನೆ ಕುರಿತ ಅವರ ಪ್ರಬಂಧ 1943ರಲ್ಲಿ ಪ್ರಕಟವಾಯಿತು. ಆಗ ಅವರಿಗೆ 65ರ ಹತ್ತಿರ.

ಮಿಡತೆಯೇ ಯಾಕೆ? ಅದರ ವರ್ಣತಂತುಗಳು ದೊಡ್ಡವು, ನೋಡಲು ಸುಲಭ. ಪ್ರತಿ ವರ್ಣತಂತುವಿಗೂ ಸೊಂಟದಂಥ ಒಂದು ಜಾಗವಿದೆ, ಅದೇ ಸೆಂಟ್ರೊಮಿಯರ್. ಕೋಶ ಎರಡಾಗುವಾಗ ಎರಡೂ ತುದಿಗಳಿಂದ ಬರುವ ಎಳೆಗಳು ಈ ಸೊಂಟವನ್ನೇ ಹಿಡಿದು ಎಳೆಯುತ್ತವೆ. ಹಿಡಿತ ಸಿಗದಿದ್ದರೆ ವರ್ಣತಂತು ದಾರಿ ತಪ್ಪುತ್ತದೆ. ವೀರ್ಯಾಣು ತಯಾರಾಗುವಾಗ ಮೊದಲು ಜೋಡಿಗಳು ಬೇರೆಯಾಗುತ್ತವೆ: ಒಂದು ಈ ಕಡೆ, ಇನ್ನೊಂದು ಆ ಕಡೆ. ಆದರೆ ಗಂಡು ಮಿಡತೆಯ ಎಕ್ಸ್‌ಗೆ ಜೋಡಿಯೇ ಇಲ್ಲ! ಅದು ಒಂಟಿಯಾಗಿ ಒಂದೇ ಕಡೆ ಹೋಗುತ್ತದೆ. ಹಾಗಾಗಿ ಅರ್ಧ ವೀರ್ಯಾಣುಗಳಿಗೆ ಎಕ್ಸ್ ಸಿಗುತ್ತದೆ, ಅರ್ಧಕ್ಕೆ ಇಲ್ಲ. ಎಕ್ಸ್ ಸಿಕ್ಕ ವೀರ್ಯಾಣುವಿನಿಂದ ಹೆಣ್ಣು, ಸಿಗದಿದ್ದರಿಂದ ಗಂಡು.

ಇದನ್ನು ಮೊದಲು ಕಂಡುಹಿಡಿದವರು ಕೋಲ್ಮನ್ ಅಲ್ಲ. ಲಿಂಗಕ್ಕೂ ವರ್ಣತಂತುವಿಗೂ ಇರುವ ನಂಟನ್ನು 1905ರ ಹೊತ್ತಿಗೇ ಅಮೆರಿಕದ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುವಿನಲ್ಲಿ ತೋರಿಸಿದ್ದರು. ಕೋಲ್ಮನ್ ಹುಡುಕಿದ್ದು ಆ ಎಕ್ಸ್ ಒಳಗೆ ಹೇಗೆ ಸುರುಳಿ ಸುತ್ತಿಕೊಂಡಿರುತ್ತದೆ ಎಂಬುದನ್ನು.

ಈಗ ನಮ್ಮ ವಿಷಯಕ್ಕೆ ಬರೋಣ. ಮನುಷ್ಯರಲ್ಲಿ ತಾಯಿಯ ಅಂಡಾಣು ಕೊಡುವುದು ಎಕ್ಸ್ ಮಾತ್ರ. ತಂದೆಯ ಕೋಶದಲ್ಲಿ ಎಕ್ಸ್ ಮತ್ತು ವೈ ಜೋಡಿಯಾಗಿದ್ದು, ಸೆಂಟ್ರೊಮಿಯರ್ ಹಿಡಿದ ಎಳೆಗಳು ಅವನ್ನು ಬೇರೆ ಮಾಡುತ್ತವೆ. ಎಕ್ಸ್ ಇರುವ ವೀರ್ಯಾಣು ಬಂದರೆ ಸಾಮಾನ್ಯವಾಗಿ ಹೆಣ್ಣು, ವೈ ಬಂದರೆ ಗಂಡು. ಹಾಗೆಂದು ತಂದೆಯನ್ನೂ ದೂರುವಂತಿಲ್ಲ, ಯಾವುದು ಯಾವ ಕಡೆ ಹೋಗುತ್ತದೆ ಎಂಬುದು ಅವನ ಕೈಯಲ್ಲೂ ಇಲ್ಲ. ಗಂಡುಮಗುವಿಗೆ ಇಂಥದ್ದು ತಿನ್ನಿ ಎಂಬ ಫಾರ್ವರ್ಡ್‌ಗಳು ಎಷ್ಟೇ ಬರಲಿ, ತಾಯಿಯ ಊಟಕ್ಕೂ ಈ ಎಳೆದಾಟಕ್ಕೂ ಸಂಬಂಧವಿಲ್ಲ. ಇನ್ನೊಂದು ಮಾತು: ಹುಟ್ಟುವ ಮುನ್ನ ಲಿಂಗ ಪತ್ತೆ ಮಾಡಿಸುವುದು ನಮ್ಮ ದೇಶದಲ್ಲಿ ಅಪರಾಧ.

ಕೋಲ್ಮನ್ 1954ರಲ್ಲಿ ತೀರಿಕೊಂಡರು. ಬಾಳೆಹೊನ್ನೂರಿನ ಕೇಂದ್ರದಲ್ಲಿ ಕಾಫಿ ಸಂಶೋಧನೆ ಈಗಲೂ ನಡೆಯುತ್ತಿದೆ.