ನೊಂದ ಮನಸ್ಸಿಗೆ ಆಸರೆಯಾದ ಸಂತ ದೇವರ ಯೊವಾನ್ನರು

ಮಾರ್ಚ್ 8ರಂದು ಧರ್ಮಸಭೆಯು ಸಂತ ದೇವರ ಯೊವಾನ್ನರ ಹಬ್ಬವನ್ನು ಆಚರಿಸುತ್ತದೆ. ಇಂಗ್ಲಿಷಿನಲ್ಲಿ ಜಾನ್ ಆಫ್ ಗಾಡ್ ಎಂದು ಹೆಸರಾದ ಇವರನ್ನು ಜಗದ್ಗುರು 13ನೆಯ ಲಿಯೋ ಅವರು 1886ರಲ್ಲಿ ರೋಗಿಗಳ ಹಾಗೂ ಆಸ್ಪತ್ರೆಗಳ ಪಾಲಕ ಸಂತರೆಂದು ಸಾರಿದರು. ಆದರೆ ಈ ಸಂತರನ್ನೇ ಒಮ್ಮೆ ಹುಚ್ಚರೆಂದು ಆಸ್ಪತ್ರೆಯಲ್ಲಿ ಕಟ್ಟಿಹಾಕಲಾಗಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಯೊವಾನ್ನರು 1495ರಲ್ಲಿ ಪೋರ್ಚುಗಲ್ ದೇಶದಲ್ಲಿ ಹುಟ್ಟಿದರು. ಎಂಟನೆಯ ವಯಸ್ಸಿಗೇ ಮನೆ ಬಿಟ್ಟು ಸ್ಪೇನ್ ಸೇರಿದರು. ಕುರಿ ಕಾದರು, ಸೈನಿಕರಾಗಿ ಯುದ್ಧಗಳಿಗೂ ಹೋದರು. ಎಷ್ಟೋ ವರ್ಷಗಳ ನಂತರ ಹುಟ್ಟೂರಿಗೆ ಮರಳಿದಾಗ ತಂದೆತಾಯಿ ಇಬ್ಬರೂ ಬದುಕಿರಲಿಲ್ಲ. ಮಗನ ಕೊರಗಿನಲ್ಲೇ ತಾಯಿ ಕಣ್ಣುಮುಚ್ಚಿದರೆಂದು ಬಂಧುಗಳಿಂದ ತಿಳಿಯಿತು. ಆ ದುಃಖವನ್ನು ಹೊತ್ತು ಅಲೆದ ಅವರು ಕೊನೆಗೆ ಗ್ರಾನಡಾ ನಗರದಲ್ಲಿ ಭಕ್ತಿಪುಸ್ತಕಗಳನ್ನು ಮಾರುವ ಪುಟ್ಟ ಅಂಗಡಿ ಇಟ್ಟರು. ಆಗ ಅವರಿಗೆ ನಾಲ್ವತ್ತು ದಾಟಿತ್ತು.

1530ರ ದಶಕದ ಕೊನೆಯಲ್ಲಿ, ಸಂತ ಸೆಬಾಸ್ಟಿಯನ್ನರ ಹಬ್ಬದ ದಿನ, ಆವಿಲಾದ ಯೊವಾನ್ನ ಎಂಬ ಗುರುಗಳ ಪ್ರಬೋಧನೆ ಅವರ ಮನಸ್ಸನ್ನು ಅಲ್ಲಾಡಿಸಿಬಿಟ್ಟಿತು. ತಮ್ಮ ಪಾಪಗಳಿಗಾಗಿ ಗೋಳಾಡುತ್ತಾ ಬೀದಿಗಿಳಿದರು. ತಲೆಯನ್ನು ಗೋಡೆಗೆ ಚಚ್ಚಿಕೊಂಡರು, ಗಡ್ಡ ಕಿತ್ತುಕೊಂಡರು, ಇದ್ದಬದ್ದದ್ದನ್ನೆಲ್ಲ ಹಂಚಿಬಿಟ್ಟರು. ಹುಡುಗರು ಕಲ್ಲೆಸೆದರು. ಕನಿಕರಪಟ್ಟ ಕೆಲವರು ಅವರನ್ನು ನಗರದ ರಾಜ ಆಸ್ಪತ್ರೆಗೆ ಸೇರಿಸಿದರು.

ತನ್ನನ್ನು ತಾನೇ ಹಿಂಸಿಸಿಕೊಳ್ಳುವವನಿಗೆ ಅಂದಿನ ಆಸ್ಪತ್ರೆ ಬಲ್ಲ ಚಿಕಿತ್ಸೆ ಒಂದೇ: ಕೈಕಾಲು ಕಟ್ಟಿ ಚಾವಟಿಯಿಂದ ಹೊಡೆಯುವುದು. ನೋವು ತಿಂದರೆ ಬುದ್ಧಿ ನೆಟ್ಟಗಾದೀತೆಂದು ಅವರ ನಂಬಿಕೆ. ಯೊವಾನ್ನರು ತಮ್ಮ ಏಟುಗಳನ್ನು ಸಹಿಸಿದರು. ಆದರೆ ಪಕ್ಕದ ರೋಗಿಗಳಿಗೆ ಬೀಳುತ್ತಿದ್ದ ಏಟುಗಳನ್ನು ಸಹಿಸಲಾರದೆ ಸೇವಕರನ್ನು ಗದರಿಸಿದರು. ಸಮಾಚಾರ ತಿಳಿದ ಆವಿಲಾದ ಗುರುಗಳು ಧೈರ್ಯದ ಮಾತು ತಲುಪಿಸಿದರು. ಚಾವಟಿ ಮಾಡಲಾಗದ್ದನ್ನು ಆ ಮಾತು ಮಾಡಿತು. ಯೊವಾನ್ನರು ಶಾಂತರಾದರು. ಅಲ್ಲೇ ಕಸ ಗುಡಿಸಿ, ರೋಗಿಗಳ ಮೈ ತೊಳೆದು ಉಪಚರಿಸತೊಡಗಿದರು. ಬಡ ರೋಗಿಗಳನ್ನು ಮನುಷ್ಯರಂತೆ ಕಾಣುವ ಆಸ್ಪತ್ರೆಯೊಂದನ್ನು ತಾವೇ ನಡೆಸಬೇಕೆಂಬ ಬಯಕೆ ಅಲ್ಲಿಯೇ ಮೊಳೆಯಿತು.

ಹೊರಬಂದ ಮೇಲೆ ಬಾಡಿಗೆ ಮನೆಯಲ್ಲಿ ಅದು ಆರಂಭವಾಯಿತು. ಬೀದಿಯಲ್ಲಿ ಬಿದ್ದವರನ್ನು ಹೆಗಲ ಮೇಲೆ ಹೊತ್ತು ತಂದರು. ರಾತ್ರಿಹೊತ್ತು ಬುಟ್ಟಿ, ಗಡಿಗೆ ಹಿಡಿದು ಅವರಿಗಾಗಿ ಭಿಕ್ಷೆ ಬೇಡಿದರು. 1550ರ ಜನವರಿಯಲ್ಲಿ ಬರೆದ ಒಂದು ಪತ್ರದ ಪ್ರಕಾರ ಆ ಮನೆಯಲ್ಲಿ 110ಕ್ಕೂ ಹೆಚ್ಚು ಜನರಿದ್ದರು. ಕುಷ್ಠರೋಗಿಗಳು, ಅಂಗವಿಕಲರು, ಮುದುಕರು, ಮಕ್ಕಳು, ಬುದ್ಧಿ ಸ್ಥಿಮಿತ ತಪ್ಪಿದವರು ಎಲ್ಲರಿಗೂ ಒಂದೇ ಸೂರು. 1549ರಲ್ಲಿ ತಮ್ಮನ್ನು ಕಟ್ಟಿಹಾಕಿದ್ದ ಅದೇ ರಾಜ ಆಸ್ಪತ್ರೆಗೆ ಬೆಂಕಿ ಬಿದ್ದಾಗ, ಒಳಗೆ ನುಗ್ಗಿ ರೋಗಿಗಳನ್ನು ಹೊರತಂದವರೂ ಅವರೇ. ಕೊನೆಗೆ ತುಂಬಿ ಹರಿಯುತ್ತಿದ್ದ ನದಿಗೆ ಬಿದ್ದ ಯುವಕನನ್ನು ಉಳಿಸಲು ನೀರಿಗೆ ಧುಮುಕಿ ಕಾಯಿಲೆ ಬಿದ್ದರು. 1550ರ ಮಾರ್ಚ್ 8ರಂದು, ಮೊಣಕಾಲೂರಿ ಪ್ರಾರ್ಥಿಸುತ್ತಲೇ ಪ್ರಾಣ ಬಿಟ್ಟರು. 1690ರಲ್ಲಿ ಸಂತ ಪದವಿ ದೊರೆಯಿತು.

ಪ್ರಿಯ ಓದುಗರೇ, ಆತ್ಮಹತ್ಯೆಗೆ ಯತ್ನಿಸಿದವರು ಇಂದೂ ಮೊದಲು ಬರುವುದು ಊರಿನ ಸಾಮಾನ್ಯ ಆಸ್ಪತ್ರೆಗೇ. ದೇಹದ ಗಾಯಕ್ಕೆ ಮದ್ದು ಸಿಗುತ್ತದೆ. ಮನಸ್ಸಿನ ಗಾಯ ಹಾಗೆಯೇ ಉಳಿಯುತ್ತದೆ. ಇಂದು ಚಾವಟಿ ಇಲ್ಲ, ಆದರೆ ನಾಲಿಗೆ ಇದೆ. ಮನೆತನದ ಮಾನ ಕಳೆದೆ ಎಂದು ಹಾಸಿಗೆಯ ಪಕ್ಕದಲ್ಲೇ ಬೈಯುವವರಿದ್ದಾರೆ. ಅಂಥ ರೋಗಿಯನ್ನು ಕಾಯುವುದು ಹತ್ತಿರ ಕುಳಿತ ಮನುಷ್ಯ. ರೋಗಿಯನ್ನು ಒಂಟಿಯಾಗಿ ಬಿಡಬಾರದು. ಒಬ್ಬರು ಎದ್ದುಹೋಗುವ ಮುನ್ನ ಇನ್ನೊಬ್ಬರು ಬಂದು ಕುಳಿತಿರಬೇಕು. ಅಪಾಯ ತರಬಲ್ಲ ವಸ್ತುಗಳನ್ನು, ಉಳಿದ ಮಾತ್ರೆಗಳನ್ನು ಕೈಗೆಟುಕದಂತೆ ತೆಗೆದಿಡಬೇಕು. ಸಾಯುವ ಯೋಚನೆ ಇದೆಯೇ ಎಂದು ಮೆಲ್ಲಗೆ ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನೋವೈದ್ಯರು ನೋಡದೆ ಮನೆಗೆ ಕರೆದೊಯ್ಯಬಾರದು. ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲೇ ಅಪಾಯ ಹೆಚ್ಚು. ಆಗ ಔಷಧಿ, ಕೀಟನಾಶಕಗಳಿಗೆ ಬೀಗವಿರಲಿ, ಮಾತಿಗೆ ಜನರಿರಲಿ.

ಪೊಲೀಸರ ಭಯದಿಂದ ವಿಷಯ ಮುಚ್ಚಿಡಬೇಕಾಗಿಲ್ಲ. ಇಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ತೀವ್ರ ಮನೋವ್ಯಥೆ ವ್ಯಕ್ತಿಯ ಹೊಣೆಯನ್ನು ತಗ್ಗಿಸುತ್ತದೆಂದು, ತೀರಿಹೋದವರ ರಕ್ಷಣೆಯ ಬಗ್ಗೆಯೂ ನಿರಾಶರಾಗಬಾರದೆಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶವೂ ಬೋಧಿಸುತ್ತದೆ. ನಿಮ್ಮಲ್ಲಿ ಯಾರಿಗಾದರೂ ಬದುಕು ಭಾರವೆನಿಸಿದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಮ್ಮ ಧರ್ಮಕೇಂದ್ರದಿಂದ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋಗುವವರು ಹಣ್ಣಿನ ಜೊತೆಗೆ ಒಂದು ಗಂಟೆ ಸಮಯವನ್ನೂ ಒಯ್ಯಲಿ. ಮಾತು ಬಾರದಿದ್ದರೂ ಸುಮ್ಮನೆ ಪಕ್ಕದಲ್ಲಿ ಕುಳಿತರೆ ಸಾಕು.